ಕಾರಿನ ಹೊಟ್ಟೆಯಡಿಯ ಜೇನುಗೂಡು

ಕ್ಯಾಲಿಫೋರ್ನಿಯದಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡ ತರುಣನ ಕಣ್ಣು ಮೊದಲು ಬೀಳುವುದು ಅದರ ಹೊಗೆಕೊಳವೆಯ ಮೇಲೆ. ಎಂಜಿನ್ ಸರಾಗವಾಗಿ ಉಸಿರು ಬಿಡಲಿ, ನಾಲ್ಕಾರು ಅಶ್ವಶಕ್ತಿ ಹೆಚ್ಚಲಿ, ಸದ್ದೂ ಗಡುಸಾಗಲಿ ಎಂಬ ಆಸೆ. ಆದರೆ ಕೊಳವೆಯ ನಡುವೆ ಡಬ್ಬಿಯಂಥದೊಂದು ಅಡ್ಡ ಬರುತ್ತದೆ. ಅದೇ ಕೆಟಲಿಟಿಕ್ ಕನ್ವರ್ಟರ್. ಕಂಪನಿ ಕೊಟ್ಟದ್ದನ್ನು ತೆಗೆದು, ಪೇಟೆಯಲ್ಲಿ 'ಹೈ ಫ್ಲೋ' ಎಂಬ ಹೆಸರಿನಲ್ಲಿ ಸಿಗುವುದನ್ನು ಹಾಕಬಹುದೆ? ಹಾಕುವುದಾದರೆ ಯಾವುದನ್ನು? ಮೇಲ್ನೋಟಕ್ಕೆ ಇದು ಗ್ಯಾರೇಜಿನ ಪ್ರಶ್ನೆ. ಒಳಹೊಕ್ಕರೆ ಪಿಯುಸಿಯ ರಸಾಯನಶಾಸ್ತ್ರ, ಭೌತಶಾಸ್ತ್ರ ಎರಡೂ ಅಲ್ಲಿವೆ.

ಈ ಡಬ್ಬಿ ಏಕೆ ಬಂತು ಎಂಬುದನ್ನು ಮರೆಯುವಂತಿಲ್ಲ. ಲಾಸ್ ಏಂಜಲೀಸ್ ನಗರವನ್ನು 1940ರ ದಶಕದಿಂದ ಕಣ್ಣುರಿಸುವ ಮಬ್ಬು ಕವಿಯುತ್ತಿತ್ತು. ಅನಾನಸಿನ ಪರಿಮಳವನ್ನು ಬಿಡಿಸಿ ನೋಡುತ್ತಿದ್ದ ರಸಾಯನ ವಿಜ್ಞಾನಿ ಹಾಗನ್-ಸ್ಮಿಟ್, ಆ ಮಬ್ಬಿನ ಗುಟ್ಟನ್ನೂ ಬಿಡಿಸಿದರು. ಸುಡದೆ ಉಳಿದ ಪೆಟ್ರೋಲ್ ಆವಿ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಕೂಡಿ ಅದು ಹುಟ್ಟುತ್ತಿತ್ತು. ಅದೇ ನಗರದ ಹೊಗೆಯ ಸುದ್ದಿ ಓದಿ ಕನ್ವರ್ಟರಿನ ಯೋಚನೆಗೆ ಇಳಿದವರು ಫ್ರಾನ್ಸಿನಿಂದ ವಲಸೆ ಬಂದಿದ್ದ ಎಂಜಿನಿಯರ್ ಯುಜೀನ್ ಹೂಡ್ರಿ. ಪೆಟ್ರೋಲಿನಲ್ಲಿದ್ದ ಸೀಸ ಆಗ ಕನ್ವರ್ಟರನ್ನು ಕೆಡಿಸುತ್ತಿದ್ದುದರಿಂದ ಅಮೆರಿಕದ ಕಾರುಗಳಲ್ಲಿ ಅದು ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಿಂದ. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾಯಿತು, ಜೊತೆಯಲ್ಲೇ ಸೀಸವಿಲ್ಲದ ಪೆಟ್ರೋಲೂ ಬಂತು.

ಡಬ್ಬಿಯೊಳಗೆ ಇರುವುದು ಜೇನುಗೂಡಿನಂಥ ಒಂದು ಅಚ್ಚು. ಅದರ ಸಣ್ಣ ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ಕಣಗಳನ್ನು ಅಂಟಿಸಿರುತ್ತಾರೆ. ಎಲ್ಲ ಸೇರಿ ಕೆಲವೇ ಗ್ರಾಂ. ಇಲ್ಲಿ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸಾರಜನಕದ ಆಕ್ಸೈಡುಗಳು ಒಡೆದು, ಗಾಳಿಯಲ್ಲಿ ಸಹಜವಾಗಿರುವ ಸಾರಜನಕವೇ ಆಗುತ್ತವೆ. ಲೋಹ ಮಾತ್ರ ಖರ್ಚಾಗುವುದಿಲ್ಲ. ವೇಗವರ್ಧಕದ ವ್ಯಾಖ್ಯೆಯನ್ನು ಉರು ಹೊಡೆದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆಯ್ಕೆಯ ಗಣಿತ ಶುರುವಾಗುವುದು ರಂಧ್ರಗಳಿಂದ. ಸಾಧಾರಣ ಕನ್ವರ್ಟರಿನಲ್ಲಿ ಚದರ ಅಂಗುಲಕ್ಕೆ 400 ರಂಧ್ರ. ಎಂದರೆ ಒಂದು ಅಂಗುಲದುದ್ದಕ್ಕೆ 20, ಗೋಡೆಯೂ ಸೇರಿ ಒಂದೊಂದರ ಬದಿ 1.27 ಮಿಲಿಮೀಟರ್. 'ಹೈ ಫ್ಲೋ' ಎಂದು ಮಾರುವುದರಲ್ಲಿ ಹಲವು ವೇಳೆ 200 ರಂಧ್ರ, ಬದಿ ಸುಮಾರು 1.8 ಮಿಲಿಮೀಟರ್. ರಂಧ್ರ ಅರ್ಧವಾದರೆ ಗೋಡೆಯೂ ಅರ್ಧವಾಯಿತೆಂದು ತಿಳಿಯಬಾರದು. ಗೋಡೆಯ ಒಟ್ಟು ವಿಸ್ತೀರ್ಣ ರಂಧ್ರಗಳ ಸಂಖ್ಯೆಯ ವರ್ಗಮೂಲವನ್ನು ಅನುಸರಿಸುತ್ತದೆ, ಆದ್ದರಿಂದ ನಷ್ಟ ಶೇಕಡಾ 30ರಷ್ಟು. ಘರ್ಷಣೆಯಿಂದಾಗುವ ಒತ್ತಡದ ನಷ್ಟವಾದರೋ ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುತ್ತದೆ. ಲಾಭದ ವ್ಯಾಪಾರ ಎನಿಸುತ್ತದೆ, ಅಲ್ಲವೆ?

ಒಂದು ಸಂಗತಿ ಈ ಲೆಕ್ಕದಲ್ಲಿ ಬಿಟ್ಟುಹೋಗಿದೆ. ರಂಧ್ರದ ನಡುವೆ ಸಾಗುವ ಅನಿಲ ಗೋಡೆಯನ್ನು ಮುಟ್ಟಿದರೆ ತಾನೆ ಶುದ್ಧವಾಗುವುದು? ಆ ದೂರ ಈಗ ಶೇಕಡಾ 40ರಷ್ಟು ಹೆಚ್ಚಿತು. ಎಂಜಿನ್ ಜೋರಾಗಿ ಓಡುವಾಗ ಅನಿಲ ಗೂಡಿನೊಳಗೆ ಇರುವುದೇ ಸೆಕೆಂಡಿನ ತೀರಾ ಸಣ್ಣ ಭಾಗ. ಕೆಲವಂಶ ಮುಟ್ಟದೆಯೇ ಹೊರಬೀಳುತ್ತದೆ.

ಇದಕ್ಕಿಂತ ಜಾಣ ದಾರಿಯೊಂದಿದೆ. ಅದೇ 400 ರಂಧ್ರದ, ಅಷ್ಟೇ ಉದ್ದದ, ಆದರೆ ಮುಖದ ವಿಸ್ತೀರ್ಣ ಎರಡು ಪಟ್ಟಿರುವ ಗೂಡನ್ನು ಆರಿಸಿದರೆ ಅನಿಲದ ವೇಗ ಅರ್ಧವಾಗುತ್ತದೆ, ಒತ್ತಡದ ನಷ್ಟವೂ ಅರ್ಧವಾಗುತ್ತದೆ, ಗೋಡೆ ಮಾತ್ರ ಎರಡು ಪಟ್ಟು. ಕಷ್ಟವೆಂದರೆ ಬೆಲೆ ಹೆಚ್ಚು, ಕಾರಿನ ಕೆಳಗೆ ಜಾಗ ಬೇಕು, ಬಿಸಿಯಾಗಲು ಸಮಯವೂ ಬೇಕು. ಸುಮಾರು 250-300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಗೂಡು ನಿದ್ದೆಯಲ್ಲೇ ಇರುತ್ತದೆ. ಕನ್ವರ್ಟರನ್ನು ಎಂಜಿನ್ನಿಗೆ ಆದಷ್ಟು ಹತ್ತಿರ ಕೂರಿಸುವುದು ಇದಕ್ಕಾಗಿ. ಕೊಳವೆ ನೇರವಾಗಲೆಂದು ಅದನ್ನು ಹಿಂದಕ್ಕೆ ಸರಿಸುವ ಮೆಕ್ಯಾನಿಕ್ ಅದರ ನಿದ್ದೆಯನ್ನು ಇನ್ನಷ್ಟು ಉದ್ದ ಮಾಡುತ್ತಾನೆ.

ಪಿಂಗಾಣಿಯ ಗೂಡಿಗೂ ಲೋಹದ ಹಾಳೆಯ ಗೂಡಿಗೂ ವ್ಯತ್ಯಾಸವಿದೆ. ಪಿಂಗಾಣಿಯ ಗೋಡೆ 0.16 ಮಿಲಿಮೀಟರಿನಷ್ಟು ದಪ್ಪ, ಹಾಳೆ 0.05ರಷ್ಟು. ಹಾಗಾಗಿ 400 ರಂಧ್ರದ ಪಿಂಗಾಣಿಯಲ್ಲಿ ಮುಖದ ಮುಕ್ಕಾಲು ಭಾಗ ತೆರೆದಿದ್ದರೆ ಲೋಹದ್ದರಲ್ಲಿ ಶೇಕಡಾ 90ರಷ್ಟು. ವೇಗದ ಕಾರಿಗೆ ಲೋಹದ ಗೂಡನ್ನು ಮೆಚ್ಚುವುದರಲ್ಲಿ ಅರ್ಥವಿದೆ.

ತೀರಾ ಅಗ್ಗದ ಕನ್ವರ್ಟರ್ ಬೇಡ. ಬೆಲೆ ಇಳಿಯುವುದು ಸಾಮಾನ್ಯವಾಗಿ ಅಮೂಲ್ಯ ಲೋಹವನ್ನೂ ಆಮ್ಲಜನಕವನ್ನು ಹಿಡಿದಿಡುವ ಸೀರಿಯಂ ಆಕ್ಸೈಡನ್ನೂ ಕಡಿಮೆ ಮಾಡಿದಾಗ. 1996ರಿಂದೀಚಿನ ಅಮೆರಿಕದ ಕಾರುಗಳಲ್ಲಿ ಕನ್ವರ್ಟರಿನ ಹಿಂದೆಯೂ ಒಂದು ಆಮ್ಲಜನಕ ಸಂವೇದಕ ಕುಳಿತು ಅದರ ಕೆಲಸವನ್ನು ಅಳೆಯುತ್ತಿರುತ್ತದೆ. ಗೂಡು ಸೋತರೆ ಚಾಲಕನ ಮುಂದೆ ಹಳದಿ ದೀಪ. ಸಂವೇದಕವನ್ನು ಕೊಳವೆಯಿಂದ ಸ್ವಲ್ಪ ಹೊರಕ್ಕೆಳೆದು ದೀಪ ಆರಿಸುವ ಚಮತ್ಕಾರವನ್ನು ಕೆಲವರು ಮಾಡುತ್ತಾರೆ. ಕಂಕುಳಿನಿಂದ ಥರ್ಮಾಮೀಟರ್ ತೆಗೆದು ಜ್ವರ ಇಳಿಯಿತು ಎಂದ ಹಾಗೆ!

ಕಾನೂನೂ ಸುಮ್ಮನಿಲ್ಲ. ಕೆಲಸ ಮಾಡುತ್ತಿರುವ ಕನ್ವರ್ಟರನ್ನು ಕಿತ್ತುಹಾಕುವುದು ಅಮೆರಿಕದಲ್ಲಿ ಅಪರಾಧ. ಕ್ಯಾಲಿಫೋರ್ನಿಯದಲ್ಲಂತೂ ಬದಲಿ ಕನ್ವರ್ಟರಿನ ಮೈಮೇಲೆ ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು, ಆ ಅನುಮತಿ ಅದೇ ಕಾರಿನ ಮಾದರಿ, ವರ್ಷ, ಎಂಜಿನ್ನಿಗೆ ಹೊಂದಬೇಕು. ಅಂಗಡಿಯವನ 'ಎಲ್ಲ ಕಾರಿಗೂ ಆಗುತ್ತೆ' ಎಂಬ ಮಾತು ಅಲ್ಲಿ ನಡೆಯದು. ನಮ್ಮಲ್ಲಿ ಮಗ ಬೈಕಿನ ಸೈಲೆನ್ಸರ್ ಬದಲಿಸಬೇಕೆಂದು ಹಟ ಹಿಡಿದಾಗ ಪಾಲಕರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಡುವುದು ಒಳ್ಳೆಯದು. ಈಗಿನ ಬೈಕುಗಳ ಹೊಗೆಕೊಳವೆಯಲ್ಲೂ ಇಂಥದೇ ಗೂಡಿದೆ, ಸೈಲೆನ್ಸರ್ ಜೊತೆಗೆ ಎಷ್ಟೋ ಸಲ ಅದೂ ಹೋಗುತ್ತದೆ.

ದುಡ್ಡು ಎಣಿಸುವ ಮುನ್ನ ಆ ತರುಣ ಕೇಳಬೇಕಾದ ಪ್ರಶ್ನೆ ಇನ್ನೊಂದು: ಹಳೆಯ ಕನ್ವರ್ಟರ್ ಕೆಟ್ಟದ್ದು ಏಕೆ? ಒಂದು ಸ್ಪಾರ್ಕ್ ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದರೆ ಸುಡದ ಪೆಟ್ರೋಲ್ ನೇರ ಗೂಡಿಗೆ ಬಂದು ಅಲ್ಲೇ ಉರಿಯುತ್ತದೆ. ಆ ಕಾವಿಗೆ ಪಿಂಗಾಣಿ ಕರಗಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಪ್ಲಗ್ಗನ್ನು ಹಾಗೇ ಬಿಟ್ಟು ಎಷ್ಟೇ ದುಬಾರಿ ಕನ್ವರ್ಟರ್ ಹಾಕಿಸಿದರೂ ಅದೂ ಅದೇ ರೀತಿ ಕರಗುತ್ತದೆ.