ಆಡುವುದು ಬೇರೆ, ಆಡಿಸುವುದು ಬೇರೆ

“ಮಗ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದಾನೆ. ಡಿಗ್ರಿ ಮುಗಿದ ಮೇಲೆ ಬಿ.ಪಿ.ಎಡ್. ಮಾಡುತ್ತೇನೆಂದು ಹಟ ಹಿಡಿದಿದ್ದಾನೆ. ಡ್ರಿಲ್ ಮೇಷ್ಟ್ರಾಗುವುದಕ್ಕೆ ಎರಡು ವರ್ಷ ಓದಬೇಕೆ? ಸೀಟಿ ಊದುವುದಕ್ಕೆ ಕಲಿಯುವುದೇನಿದೆ?”

ಕಾಲೇಜು ಓದುವ ಮಕ್ಕಳಿರುವ ಮನೆಗಳಲ್ಲಿ ಇಂಥ ಮಾತು ಆಗಾಗ ಕೇಳಿಬರುತ್ತದೆ. ಪಾಲಕರನ್ನು ದೂರುವಂತಿಲ್ಲ. ನಮ್ಮಲ್ಲಿ ಅನೇಕರು ಕಂಡ ಆಟದ ಪೀರಿಯಡ್ ಅಂಥದ್ದು. ಮೇಷ್ಟ್ರು ಒಂದು ಚೆಂಡು ಎಸೆದು ಮರದ ನೆರಳಿಗೆ ಹೋಗುತ್ತಿದ್ದರು. ಚುರುಕಾದ ಹತ್ತು ಹುಡುಗರು ಆಡುತ್ತಿದ್ದರು. ಉಳಿದ ನಲವತ್ತು ಮಂದಿ ಅಂಚಿನಲ್ಲಿ ಕುಳಿತು ಅವರ ಚಪ್ಪಲಿ ಕಾಯುತ್ತಿದ್ದರು.

ದೈಹಿಕ ಶಿಕ್ಷಣದ ತರಬೇತಿ ಇರುವುದೇ ಆ ನಲವತ್ತು ಮಂದಿಗಾಗಿ. ಚೆನ್ನಾಗಿ ಆಡುವ ಹತ್ತು ಮಂದಿ ಹೇಗೂ ಆಡಿಕೊಳ್ಳುತ್ತಾರೆ.

ಸೈಕಲ್ ತುಳಿಯಲು ಬರುವವರಿಗೆಲ್ಲ ಅದನ್ನು ಕಲಿಸಲು ಬರುವುದಿಲ್ಲ. ಆಟವೂ ಹಾಗೆಯೇ. ತರಬೇತಿ ಕಾಲೇಜಿನ ವಿದ್ಯಾರ್ಥಿ ಪಾಠದ ಯೋಜನೆ ಬರೆದುಕೊಂಡು ನಿಜವಾದ ಶಾಲೆಗೆ ಹೋಗಿ, ಹಿರಿಯ ಅಧ್ಯಾಪಕರ ಎದುರಿನಲ್ಲಿ ಮಕ್ಕಳಿಗೆ ಕಲಿಸಬೇಕು. ಅಲ್ಲಿ ಕಲಿಯುವ ಸಂಗತಿಗಳು ಮೇಲುನೋಟಕ್ಕೆ ಸಣ್ಣವು. ಮಕ್ಕಳನ್ನು ಸಾಲು ನಿಲ್ಲಿಸುವಾಗ ಬಿಸಿಲು ಮೇಷ್ಟ್ರ ಮುಖಕ್ಕೆ ಬೀಳಬೇಕೇ ಹೊರತು ಮಕ್ಕಳ ಕಣ್ಣಿಗೆ ಹೊಡೆಯಬಾರದು. ಔಟಾದವರನ್ನು ಕೂರಿಸುವ ಆಟಗಳಲ್ಲಿ ಮೊದಲು ಹೊರಗೆ ಹೋಗುವುದು ನಿಧಾನಿ ಮಗು. ಅಂದರೆ ಯಾರಿಗೆ ಹೆಚ್ಚು ಅಭ್ಯಾಸ ಬೇಕೋ ಅವರೇ ಹೆಚ್ಚು ಹೊತ್ತು ಸುಮ್ಮನೆ ಕೂರುತ್ತಾರೆ! ಒಂದೇ ಚೆಂಡಿದ್ದರೂ ಐವತ್ತು ಮಕ್ಕಳನ್ನು ಗುಂಪು ಮಾಡಿ, ಎಲ್ಲರ ಕೈಕಾಲೂ ಆಡುವಂತೆ ನೋಡಿಕೊಳ್ಳುವುದು ಒಂದು ವಿದ್ಯೆಯೇ ಸರಿ.

ಇನ್ನು ಲೆಕ್ಕ. 400 ಮೀಟರ್ ಓಟದಲ್ಲಿ ಎರಡನೆಯ ಲೇನಿನ ಓಟಗಾರ ಮೊದಲನೆಯವನಿಗಿಂತ ಮುಂದೆ ನಿಂತಿರುವುದನ್ನು ನೀವು ನೋಡಿರಬಹುದು. ಎಷ್ಟು ಮುಂದೆ? ಅಂತರರಾಷ್ಟ್ರೀಯ ಟ್ರ್ಯಾಕಿನಲ್ಲಿ 7.04 ಮೀಟರ್. ಲೇನಿನ ಅಗಲ 1.22 ಮೀಟರ್, ಹೊರಗಿನ ಲೇನಿನವನು ತಿರುವುಗಳಲ್ಲಿ ಹೆಚ್ಚು ದೂರ ಓಡಬೇಕಾಗುವುದರಿಂದ ಈ ಮುನ್ನಡೆ. ಅಲ್ಲಿಂದಾಚೆ ಪ್ರತಿ ಲೇನಿಗೂ ಸುಮಾರು 7.67 ಮೀಟರ್ ಸೇರುತ್ತದೆ. ಸ್ವಾರಸ್ಯವೆಂದರೆ, ಲೇನಿನ ಅಗಲ ಅಷ್ಟೇ ಇದ್ದರೆ ಹಳ್ಳಿಯ ಶಾಲೆಯ 200 ಮೀಟರ್ ಮೈದಾನದಲ್ಲೂ ಒಂದು ಪೂರ್ತಿ ಸುತ್ತಿಗೆ ಆ 7.67 ಬದಲಾಗುವುದಿಲ್ಲ. ಹೈಸ್ಕೂಲಿನಲ್ಲಿ ಕಲಿತ ವೃತ್ತದ ಪರಿಧಿಯ ಸೂತ್ರ ಇಲ್ಲಿ ಸುಣ್ಣದ ಗೆರೆಯಾಗುತ್ತದೆ. ಈ ಲೆಕ್ಕ ಬಾರದ ಮೇಷ್ಟ್ರು ಗೆರೆ ಎಳೆದರೆ, ಯಾವುದೋ ಮಗು ತನ್ನದಲ್ಲದ ತಪ್ಪಿಗೆ ಸೋತು ಮನೆಗೆ ಹೋಗುತ್ತದೆ.

ಇದರ ಜೊತೆಗೆ ಅಂಗರಚನೆ, ಶರೀರಕ್ರಿಯೆ, ಮನಶ್ಶಾಸ್ತ್ರ, ಪ್ರಥಮ ಚಿಕಿತ್ಸೆ, ತೀರ್ಪುಗಾರಿಕೆ ಎಲ್ಲವೂ ಇವೆ. ಎಲುಬು ಇನ್ನೂ ಬೆಳೆಯುತ್ತಿರುವ ಮಗುವಿಗೆ ದೊಡ್ಡವರ ಕಸರತ್ತು ಹೇರಬಾರದೆಂಬುದು, ಬಿಸಿಲಿನಲ್ಲಿ ತಲೆ ಸುತ್ತಿ ಬಿದ್ದವನಿಗೆ ಮೊದಲು ಏನು ಮಾಡಬೇಕೆಂಬುದು ಗೊತ್ತಿಲ್ಲದವರ ಕೈಗೆ ಮಕ್ಕಳನ್ನು ಒಪ್ಪಿಸಲು ಯಾವ ತಾಯಿತಂದೆ ಒಪ್ಪಿಯಾರು?

ಶಿಕ್ಷಕನ ದಾರಿ ಒಂದಾದರೆ ಕೋಚ್ ಆಗುವ ದಾರಿ ಇನ್ನೊಂದು. ಶಿಕ್ಷಕನಿಗೆ ಇಡೀ ತರಗತಿ ಮುಖ್ಯ; ಕೋಚ್‌ಗೆ ಒಂದೇ ಆಟದಲ್ಲಿ ಆಳವಾದ ಪರಿಣತಿ ಬೇಕು. ಇದಕ್ಕೆಂದೇ 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ಪಿ.ಟಿ. ಉಷಾ ಅವರನ್ನು ರೂಪಿಸಿದ ಒ.ಎಂ. ನಂಬಿಯಾರ್ ವಾಯುಪಡೆಯಲ್ಲಿದ್ದವರು, ಪಟಿಯಾಲದಲ್ಲಿ ತರಬೇತಿ ಪಡೆದವರು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಉಷಾ ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಕಂಚಿನ ಪದಕ ಕಳೆದುಕೊಂಡರು. ಮರುವರ್ಷ ದ್ರೋಣಾಚಾರ್ಯ ಪ್ರಶಸ್ತಿ ಮೊದಲ ಬಾರಿಗೆ ಕೊಟ್ಟಾಗ ಅದನ್ನು ಪಡೆದವರಲ್ಲಿ ನಂಬಿಯಾರ್ ಒಬ್ಬರು.

ಪಾಲಕರು ತಿಳಿಯಬೇಕಾದ ಕೆಲವು ವಿಷಯಗಳು. ಬಿ.ಪಿ.ಎಡ್. ಮೊದಲು ಒಂದು ವರ್ಷದ್ದಾಗಿತ್ತು; 2014ರ ನಿಯಮಗಳ ನಂತರ ಎರಡು ವರ್ಷ. ಸಾಮಾನ್ಯವಾಗಿ ಪದವಿಯಲ್ಲಿ ಶೇ. 50 ಅಂಕದ ಜೊತೆಗೆ ಅಂತರ ಕಾಲೇಜು ಅಥವಾ ಜಿಲ್ಲಾ ಮಟ್ಟದಂಥ ಕೂಟಗಳಲ್ಲಿ ಆಡಿದ ಪ್ರಮಾಣಪತ್ರ ಕೇಳುತ್ತಾರೆ. ಆದ್ದರಿಂದ ಆ ಕಾಗದಗಳನ್ನು ಈಗಿನಿಂದಲೇ ಜೋಪಾನವಾಗಿ ಇಡಿ. ಸೇರುವ ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಫೀಸು ಕಟ್ಟುವ ಮೊದಲೇ ವಿಚಾರಿಸಿ. ಸರ್ಕಾರಿ ಹುದ್ದೆಗಳನ್ನು ಪ್ರತಿ ವರ್ಷ ತುಂಬುವುದಿಲ್ಲ ಎಂಬುದೂ ನೆನಪಿರಲಿ. ಹೆಣ್ಣುಮಕ್ಕಳು ಈ ಕೋರ್ಸ್ ಸೇರುತ್ತೇನೆಂದರೆ ತಡೆಯಬೇಡಿ. ಶಾಲೆಯ ಹುಡುಗಿಯರನ್ನು ಮೈದಾನಕ್ಕೆ ಇಳಿಸಲು ಒಬ್ಬ ಟೀಚರ್ ತಾವೇ ಇಳಿದರೆ ಸಾಕು.

ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಅರ್ಜಿ ಹಾಕುವ ಮುನ್ನ ನಾಲ್ಕು ಭಾನುವಾರ ನಿಮ್ಮ ಬೀದಿಯ ಮಕ್ಕಳನ್ನು ಸೇರಿಸಿ ಆಟ ಕಲಿಸಿ ನೋಡಿ. ಪ್ರತಿ ಸಲವೂ ಚೆಂಡು ಕೈಬಿಡುವ ಒಂದು ಮಗು ಅಲ್ಲಿ ಇದ್ದೇ ಇರುತ್ತದೆ. ನಾಲ್ಕನೆಯ ಭಾನುವಾರ ಅದು ಚೆಂಡು ಹಿಡಿದಾಗ, ನೀವೇ ಪಂದ್ಯ ಗೆದ್ದಷ್ಟು ಖುಷಿಯಾಯಿತೆ? ಹಾಗಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ. ಅಪ್ಪನಿಗೆ ಈ ಪುಟ ತೋರಿಸಿ.