ಬೀಟೆಯೊಂದೇ ನಾದದ ಮರವೆ?

ವೀಣೆಯನ್ನಾಗಲಿ ಗಿಟಾರನ್ನಾಗಲಿ ಕೊಳ್ಳಹೊರಟವರು “ಇದು ಬೀಟೆಯದೇ ತಾನೆ?” ಎಂದು ವಿಚಾರಿಸುವುದುಂಟು. ಬೀಟೆಯಿಲ್ಲದೆ ಉತ್ತಮ ನಾದವಿಲ್ಲವೆಂಬ ನಂಬಿಕೆ ಅಷ್ಟು ಆಳವಾಗಿ ಬೇರೂರಿದೆ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ.

ತಂತಿಯು ತಾನೊಂದೇ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಅದರ ಕಂಪನವು ಕುದುರೆಯ ಮೂಲಕ ಮೇಲುಹಲಗೆಗೆ ಇಳಿದು, ಆ ಹಲಗೆ ಗಾಳಿಯನ್ನು ಕಂಪಿಸಿದಾಗಲೇ ನಾದವು ತುಂಬಿ ಕೇಳಿಸುವುದು. ಆದುದರಿಂದ ಗಿಟಾರಿನ ಮೇಲುಹಲಗೆಯನ್ನು ಹಗುರವೂ ಬಿಗಿಯೂ ಆದ ಸ್ಪ್ರೂಸ್ ಮರದಿಂದ ಮಾಡುವುದು ವಾಡಿಕೆ. ಬೀಟೆ ಬಳಕೆಯಾಗುವುದು ಮುಖ್ಯವಾಗಿ ಹಿಂಬದಿಗೂ ಪಕ್ಕಗಳಿಗೂ. ಇವುಗಳ ಪ್ರಭಾವ ಎಷ್ಟು? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿರಿ. ಹಿಂಬದಿ ಮತ್ತು ಪಕ್ಕಗಳ ಮರವೊಂದನ್ನುಳಿದು ಮಿಕ್ಕೆಲ್ಲದರಲ್ಲಿಯೂ ಒಂದೇ ತೆರನಾದ ಆರು ಗಿಟಾರುಗಳನ್ನು, ಮರ ಯಾವುದೆಂದು ಕಾಣದಂತೆ, 52 ಮಂದಿ ವಾದಕರಿಗೆ ನುಡಿಸಲು ಕೊಟ್ಟರು. ಅವರು ನಾದಗುಣಕ್ಕೆ ಕೊಟ್ಟ ಅಂಕಗಳು ಹೆಚ್ಚುಕಡಮೆ ಸಮನಾಗಿದ್ದುವು!

ಹಾಗಾದರೆ ಇನ್ನೊಂದು ಕಾಡುಮರವನ್ನು ಹುಡುಕಿದರೆ ಸಾಕೆ? ಸಾಲದು. ಗಿಟಾರಿನ ಉದ್ಯಮಕ್ಕೆ ನಮ್ಮ ಬೀಟೆಯೂ ಬದಲಿ ಮರವಾಗಿಯೇ ಬಂದುದು. ಬ್ರೆಜಿಲಿನ ಬೀಟೆ ದುರ್ಲಭವಾದಾಗ, 1960ರ ದಶಕದ ಕೊನೆಯ ಹೊತ್ತಿಗೆ, ಅಮೆರಿಕದ ತಯಾರಕರು ದಕ್ಷಿಣ ಭಾರತದ ಬೀಟೆಯತ್ತ ತಿರುಗಿದರು. 1992ರಲ್ಲಿ ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವಾಣಿಜ್ಯ ನಿಷಿದ್ಧವಾಯಿತು. 2017ರಲ್ಲಿ ನಮ್ಮ ಬೀಟೆಯೂ ನಿಯಂತ್ರಣಕ್ಕೆ ಒಳಪಟ್ಟಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತರೂ ದಿಮ್ಮಿಯ ಮೇಲಿನ ನಿಯಂತ್ರಣ ಹಾಗೆಯೇ ಉಳಿಯಿತು. ಕೊಡಲಿಯನ್ನು ಒಂದು ಕಾಡಿನಿಂದ ಇನ್ನೊಂದಕ್ಕೆ ಸಾಗಿಸುವುದು ಪರಿಹಾರವಲ್ಲ.

ನೆಟ್ಟು ಬೆಳೆಸಬಹುದಾದ ಮರವೇ ನಿಜವಾದ ಬದಲಿ. ಅಂಥ ಮರವೊಂದು ನಮ್ಮ ಹಿತ್ತಿಲಿನಲ್ಲಿಯೇ ಇದೆ. ತಂಜಾವೂರಿನ ವೀಣೆಯೂ ಮೃದಂಗವೂ ತಲೆಮಾರುಗಳಿಂದ ಹಲಸಿನ ಮರದಿಂದ ರೂಪುಗೊಳ್ಳುತ್ತಿವೆ. ಬದುಕಿರುವಷ್ಟು ಕಾಲ ಹಣ್ಣು, ಬಳಿಕ ದಿಮ್ಮಿ! ಗಿಟಾರಿನ ಫಲಿತಾಂಶವನ್ನು ವೀಣೆಗೆ ಹಾಗೆಯೇ ಅನ್ವಯಿಸಲಾಗದೆಂಬುದು ನಿಜ. ವೀಣೆಯ ರಚನೆಯೇ ಬೇರೆ. ಆದರೆ ಹಲಸಿನ ವೀಣೆಯು ಕಚೇರಿಯ ವೇದಿಕೆಯ ಮೇಲೆ ಎಂದೋ ತೇರ್ಗಡೆಯಾಗಿದೆ.

ಹೊಸ ಮರವನ್ನು ಹದಗೊಳಿಸಿ ಒಗ್ಗಿಸಿಕೊಳ್ಳುವುದು ಕುಶಲಕರ್ಮಿಗೆ ಶ್ರಮದ ಕೆಲಸ. ಕೊಳ್ಳುವವರು ಬೀಟೆಯನ್ನೇ ಬಯಸುವವರೆಗೆ ಅವನು ಆ ಶ್ರಮಕ್ಕೆ ಏಕೆ ಕೈಹಾಕಿಯಾನು? ವಿದ್ಯಾರ್ಥಿ ಮಿತ್ರರೇ, ನಾಳೆ ವಾದ್ಯವನ್ನು ಕೊಳ್ಳುವವರು ನೀವು. ಮರದ ಹೆಸರನ್ನು ಕೇಳುವ ಮುನ್ನ ಕಣ್ಣು ಮುಚ್ಚಿ ಅದರ ನಾದವನ್ನು ಕೇಳಿರಿ.