ಪೂರ್ಣವಾಕ್ಯದ ಪರಿಕಲ್ಪನೆ: ಕನ್ನಡದ ನೆಲೆಯಿಂದ ಒಂದು ಟಿಪ್ಪಣಿ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ 'ಬಿಕಾಸ್ ದ ವಾಟರ್ ಕೇಮ್' ಎಂದಷ್ಟೇ ಬರೆದು ಪೂರ್ಣವಿರಾಮವಿಟ್ಟರೆ ಅದು ಅಪೂರ್ಣವಾಕ್ಯವೆಂದು ಕೆಂಪುಗೆರೆಗೆ ಗುರಿಯಾಗುತ್ತದೆ. ತಪ್ಪೆನ್ನುವುದು ಸರಿ; ಅಜ್ಞಾನವೆನ್ನುವುದು ಸರಿಯಲ್ಲ. ಈ ತಪ್ಪಿನ ಬೇರು ಕನ್ನಡದ ವಾಕ್ಯರಚನೆಯಲ್ಲಿರುವುದರಿಂದ ಅದನ್ನು ವಿವರಿಸುವ ಹೊಣೆ ಕನ್ನಡ ಅಧ್ಯಾಪಕರ ಮೇಲೂ ಇದೆ.

ಕನ್ನಡದಲ್ಲಿ ವಾಕ್ಯ ಮುಗಿಯಿತೇ ಇಲ್ಲವೇ ಎಂಬುದನ್ನು ಸಾಮಾನ್ಯವಾಗಿ ಕೊನೆಯ ಕ್ರಿಯಾರೂಪವೇ ತಿಳಿಸುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ 'ನೀರು ಬಂದರೆ', 'ನೀರು ಬಂದು', 'ನೀರು ಬಂದುದರಿಂದ' ಎಂದು ಮಾತು ನಿಲ್ಲಿಸಿದರೆ ಕೇಳುವವನು ಮುಂದಿನದಕ್ಕೆ ಕಾಯುತ್ತಾನೆ. 'ನೀರು ಬಂತು' ಎಂದಾಗ ಕಾಯುವುದಿಲ್ಲ. ಭಾರತೀಯ ಶಾಸ್ತ್ರಕಾರರು ವಾಕ್ಯವಿಚಾರದಲ್ಲಿ ಹೇಳಿದ 'ಆಕಾಂಕ್ಷೆ' ಇಲ್ಲಿ ಪ್ರತ್ಯಯದಲ್ಲಿಯೇ ಅಡಗಿದೆ. ಇಂಗ್ಲಿಷಿನಲ್ಲಾದರೋ 'ಕೇಮ್' ಎಂಬ ಪೂರ್ಣಕ್ರಿಯೆ ಹಾಗೆಯೇ ಉಳಿದು, ವಾಕ್ಯದ ಮೊದಲಿಗೆ ಬಂದ 'ಬಿಕಾಸ್' ಅದನ್ನು ಅಪೂರ್ಣಗೊಳಿಸುತ್ತದೆ. ಕೊನೆಯನ್ನು ಆಲಿಸಿ ಬೆಳೆದ ಕಿವಿಗೆ ಮೊದಲಿನ ಸೂಚನೆ ತಟ್ಟದಿದ್ದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ದೊಡ್ಡ ತೊಡಕೆಂದರೆ 'ಬಿಕಾಸ್' ಪದಕ್ಕೆ 'ಏಕೆಂದರೆ' ಎಂದು ಅರ್ಥ ಹೇಳಿಕೊಡುವ ರೂಢಿ. 'ನಾಟಿ ಶುರುವಾಯಿತು. ಏಕೆಂದರೆ ನಾಲೆಗೆ ನೀರು ಬಂತು.' ಇವೆರಡೂ ಕನ್ನಡದಲ್ಲಿ ನಿರ್ದುಷ್ಟ ಪೂರ್ಣವಾಕ್ಯಗಳು. ವಿದ್ಯಾರ್ಥಿ ತಾನು ಕಲಿತ ಅರ್ಥವನ್ನು ನಂಬಿ, ಎರಡನೆಯದನ್ನು ಪ್ರಾಮಾಣಿಕವಾಗಿ ಅನುವಾದಿಸಿ, ಅಂಕ ಕಳೆದುಕೊಳ್ಳುತ್ತಾನೆ! ರಚನೆಯ ದೃಷ್ಟಿಯಿಂದ 'ಬಿಕಾಸ್'ಗೆ ಹತ್ತಿರವಾದುದು 'ಬಂದುದರಿಂದ' ಎಂಬಲ್ಲಿಯ 'ಉದರಿಂದ'ವೇ ಹೊರತು 'ಏಕೆಂದರೆ' ಅಲ್ಲ.

'ಅವರು ರೈತರು' ಎಂಬಲ್ಲಿ ಕ್ರಿಯಾಪದವಿಲ್ಲ, 'ಬಂದಳು' ಎಂಬಲ್ಲಿ ಕರ್ತೃಪದವಿಲ್ಲ, ಎರಡೂ ಪೂರ್ಣವಾಕ್ಯಗಳೇ. ಇಂಗ್ಲಿಷ್ ಮೊದಲನೆಯದಕ್ಕೆ 'ಆರ್', ಎರಡನೆಯದಕ್ಕೆ 'ಶಿ' ಬೇಡುತ್ತದೆ. ಆದರೆ ಕನ್ನಡದ ತರಗತಿಯಲ್ಲಿಯೇ 'ಅವರು ರೈತರು' ಎಂಬುದಕ್ಕೆ ಕ್ರಿಯಾಪದವನ್ನು ಅಧ್ಯಾಹಾರ ಮಾಡಿಕೊಳ್ಳಬೇಕೆಂದು ಬೋಧಿಸಿದರೆ ಈ ಭೇದ ಮರೆಯಾಗಿಬಿಡುತ್ತದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡ ವ್ಯಾಕರಣವನ್ನು ಎರಕಹೊಯ್ಯುವುದನ್ನು ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' (2000) ಕೃತಿಯಲ್ಲಿ ಪ್ರಶ್ನಿಸಿದರು. ಇಂಗ್ಲಿಷಿನ ಅಚ್ಚಿಗೂ ಅದೇ ಪ್ರಶ್ನೆ ಅನ್ವಯಿಸುತ್ತದೆ.

2007ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದನೆಯ ತರಗತಿಗೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿತು. ಕಲಿಕೆ ಬೇಗ ಆರಂಭವಾದ ಮಾತ್ರಕ್ಕೆ ಈ ತೊಡಕು ತಾನಾಗಿ ಬಿಡಿಸಿಕೊಳ್ಳುವಂಥದಲ್ಲ. ಪದವಿ ತರಗತಿಗಳಲ್ಲಿ ಸಂಧಿ, ಸಮಾಸಗಳಿಗೆ ಮೀಸಲಾದ ಗಂಟೆಗಳಲ್ಲಿ ಒಂದೆರಡನ್ನು (ಸಮಾಸಗಳಿಗೆ ಇದರಿಂದ ನಷ್ಟವೇನೂ ಆಗದು) 'ಬಂತು', 'ಬಂದರೆ', 'ಏಕೆಂದರೆ ಬಂತು' ಎಂಬ ಮೂರನ್ನು ಇಂಗ್ಲಿಷಿನ ಪಕ್ಕದಲ್ಲಿಟ್ಟು ಚರ್ಚಿಸಲು ಕನ್ನಡ ಅಧ್ಯಾಪಕರು ಬಿಟ್ಟುಕೊಡಬೇಕು.